ಬ್ರೇಕಿಗೆ ಎಷ್ಟು ಸುರಿಯಬೇಕು? ಕುರುಬರಹಳ್ಳಿಯಲ್ಲೊಂದು ಲೆಕ್ಕ

ಬೆಂಗಳೂರಿನ ಕುರುಬರಹಳ್ಳಿಯ ಅಡ್ಡರಸ್ತೆಗಳ ಗ್ಯಾರೇಜುಗಳಿಗೆ ಬರುವ ಹುಡುಗರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸುತ್ತಾರೆ. ಅಲಾಯ್ ವೀಲಿನ ಸಂದಿಯಲ್ಲಿ ಇಣುಕುವ ಕೆಂಪು ಕ್ಯಾಲಿಪರ್, ತೂತು ಕೊರೆದ ದೊಡ್ಡ ಡಿಸ್ಕ್. “ಅಣ್ಣ, ಇದು ನನ್ ಪೋಲೋಗೆ ಕೂರುತ್ತಾ? ಎಷ್ಟಾಗುತ್ತೆ?”

ಕೂರುತ್ತೆ. ಹೊರದೇಶದ ನಾಲ್ಕು ಪಿಸ್ಟನ್ ಕಿಟ್ಟಿಗೆ ಸುಮಾರು 1,80,000 ರೂಪಾಯಿ. ಅದು ಒಳಗೆ ಹಿಡಿಯಬೇಕಾದರೆ ದೊಡ್ಡ ವೀಲು, ಅದಕ್ಕೆ ತಕ್ಕ ಟೈರು, ಇನ್ನೊಂದು 80,000. ಒಟ್ಟು 2,60,000. ಹಳೆಯ ಫೋಕ್ಸ್‌ವ್ಯಾಗನ್ ಪೋಲೋ ಒಂದರ ಬೆಲೆಯ ಹತ್ತಿರ ಹತ್ತಿರ ಅರ್ಧ. ಅನುಭವಸ್ಥ ಮೆಕ್ಯಾನಿಕ್ ಆದರೆ ದರ ಹೇಳುವ ಮೊದಲು ಬೇರೆಯದನ್ನೇ ಕೇಳುತ್ತಾನೆ: “ಬ್ರೇಕ್ ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ದು?” ಉತ್ತರ ಬರುವುದಿಲ್ಲ. ಕಾರು ಕೊಂಡಂದಿನಿಂದ ಯಾರೂ ಆ ಮುಚ್ಚಳ ತೆಗೆದಿಲ್ಲ.

ಈ ಬರಹ ಆ ಎರಡು ಪ್ರಶ್ನೆಗಳ ನಡುವಿನ ಲೆಕ್ಕ. ದರಗಳೆಲ್ಲ ಅಂದಾಜು, ಜೆ.ಸಿ. ರಸ್ತೆಯ ಒಂದು ಅಂಗಡಿಯಿಂದ ಮುಂದಿನ ಅಂಗಡಿಗೆ ಹೋಗುವಷ್ಟರಲ್ಲಿ ನೂರಕ್ಕೆ ಇಪ್ಪತ್ತು ಆಚೀಚೆ ಆಗುತ್ತವೆ. ಉಷ್ಣದ ಲೆಕ್ಕ ಮಾತ್ರ ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ್ದು, ಅದು ಅಂಗಡಿ ನೋಡಿ ಬದಲಾಗುವುದಿಲ್ಲ.

ಕಾರು, ಚಾಲಕ, ಪಕ್ಕದಲ್ಲೊಬ್ಬ, ಹಿಂದೆ ಒಂದು ಬ್ಯಾಗು, ಎಲ್ಲ ಸೇರಿ 1,200 ಕೆ.ಜಿ. ಎಂದು ಹಿಡಿಯೋಣ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಈ ಕಾರನ್ನು ನಿಲ್ಲಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ 42 ಕಿಲೋಜೂಲ್. 60ರಲ್ಲಿ 167. 100ರಲ್ಲಿ 463. 120ರಲ್ಲಿ 667. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. 100ರಿಂದ ಒಮ್ಮೆ ನಿಲ್ಲಿಸುವುದು 30ರಿಂದ ಹನ್ನೊಂದು ಸಲ ನಿಲ್ಲಿಸಿದ್ದಕ್ಕೆ ಸಮ. ಈ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ, ಬಹುಪಾಲು ಮುಂದಿನ ಎರಡು ಡಿಸ್ಕುಗಳಲ್ಲಿ ಬಿಸಿಯಾಗಿ ಕೂರುತ್ತದೆ. ಆ ಬಿಸಿ ಎಷ್ಟು ಬೇಗ ಬರುತ್ತದೆ ಎನ್ನುವುದರ ಮೇಲೆ ಉಳಿದೆಲ್ಲ ನಿಂತಿದೆ.

ಮೊದಲು ಊರೊಳಗಿನ ಓಡಾಟ. ಟಾಮ್‌ಟಾಮ್ ಸಂಸ್ಥೆಯ 2024ರ ಸೂಚ್ಯಂಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು 34 ನಿಮಿಷ 10 ಸೆಕೆಂಡು; ಅಂದರೆ ಗಂಟೆಗೆ 17.6 ಕಿ.ಮೀ. ಪ್ರತಿ ಕಿಲೋಮೀಟರಿಗೆ ಎರಡು ಸಲ 30ರಿಂದ ಪೂರ್ತಿ ನಿಲ್ಲಿಸಿದರೂ ಬ್ರೇಕಿನ ಸರಾಸರಿ ಕೆಲಸ 0.4 ಕಿಲೋವ್ಯಾಟ್. ವೆಸ್ಟ್ ಆಫ್ ಕಾರ್ಡ್ ರೋಡಿನಲ್ಲಿ ಸಂಜೆ ಆರಕ್ಕೆ ಎಷ್ಟೇ ಬ್ರೇಕು ಒತ್ತಿ, ಕಾಲು ನೋಯುತ್ತದೆಯೇ ಹೊರತು ಡಿಸ್ಕಿಗೆ ಏನೂ ಆಗುವುದಿಲ್ಲ.

ಇನ್ನು ಆಗುಂಬೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಘಾಟಿಯಲ್ಲಿ ಸೋಮೇಶ್ವರದ ಕಡೆಗೆ 500 ಮೀಟರ್ ಇಳಿದರೆ ಕಾರು ಕಳೆದುಕೊಳ್ಳಬೇಕಾದ ಶಕ್ತಿ 5,886 ಕಿಲೋಜೂಲ್. 100ರಿಂದ ಸುಮಾರು ಹದಿಮೂರು ಸಲ ನಿಲ್ಲಿಸಿದಷ್ಟು. 10 ಕಿ.ಮೀ. ಇಳಿಜಾರನ್ನು 30ರ ವೇಗದಲ್ಲಿ ಇಪ್ಪತ್ತು ನಿಮಿಷದಲ್ಲಿ, ಗೇರು ನ್ಯೂಟ್ರಲ್ಲಿಗೆ ಹಾಕಿ ಬರೀ ಬ್ರೇಕಿನಲ್ಲೇ ಇಳಿಸಿದರೆ ಸರಾಸರಿ 4.9 ಕಿಲೋವ್ಯಾಟ್. ಸ್ನಾನದ ಮನೆಯ ಎರಡು ಕಿಲೋವ್ಯಾಟಿನ ಎರಡೂವರೆ ಗೀಸರುಗಳನ್ನು ಇಪ್ಪತ್ತು ನಿಮಿಷ ಬಿಡದೆ ಹಾಕಿಟ್ಟ ಹಾಗೆ. ಎರಡನೇ ಗೇರಿನಲ್ಲಿ ಇಳಿದರೆ ಈ ಭಾರದ ದೊಡ್ಡ ಪಾಲನ್ನು ಎಂಜಿನ್ನೇ ಹೊರುತ್ತದೆ, ಪುಕ್ಕಟೆಯಾಗಿ. ಆಟೋಮ್ಯಾಟಿಕ್ ಕಾರಿನವರಿಗೂ ಮ್ಯಾನುವಲ್ ಮೋಡ್ ಇದೆ. ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬರಿಸಿಕೊಂಡು ರಸ್ತೆ ಬದಿಗೆ ನಿಂತವರಲ್ಲಿ ಬಹುಮಂದಿಗೆ ಬೇಕಾಗಿದ್ದುದು ದೊಡ್ಡ ಡಿಸ್ಕಲ್ಲ, ಒಂದು ಗೇರು ಕೆಳಗೆ.

ಮೂರನೆಯದು ರೇಸ್ ಟ್ರ್ಯಾಕು. ಬೆಂಗಳೂರಿಗರಿಗೆ ಕೈಗೆಟಕುವ ಎರಡು ಟ್ರ್ಯಾಕುಗಳು ತಮಿಳುನಾಡಿನಲ್ಲಿವೆ. ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈನದು 3.7 ಕಿ.ಮೀ., ಹನ್ನೆರಡು ತಿರುವು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ದೊಡ್ಡ ಟ್ರ್ಯಾಕಿನಲ್ಲಿ ಒಂದು ಸುತ್ತಿಗೆ ಎರಡೂಕಾಲು ನಿಮಿಷ, ಅದರಲ್ಲಿ ನಾಲ್ಕು ಸಲ ಗಟ್ಟಿ ಬ್ರೇಕು, ಪ್ರತಿ ಸಲ 400 ಕಿಲೋಜೂಲ್ ಎಂದುಕೊಂಡರೆ ಸರಾಸರಿ 12 ಕಿಲೋವ್ಯಾಟ್. ನ್ಯೂಟ್ರಲ್ಲಿನಲ್ಲಿ ಇಳಿಸಿದ ಘಾಟಿಗಿಂತ ಎರಡೂವರೆ ಪಟ್ಟು, ಊರಿಗಿಂತ ಮೂವತ್ತು ಪಟ್ಟು. ಬ್ರೇಕಿನ ಅಪ್‌ಗ್ರೇಡ್ ಎನ್ನುವ ಮಾತು ನಿಜವಾಗಿ ಹುಟ್ಟುವುದು ಇಲ್ಲಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗಾಗಿ ಹಾಕಿಸುತ್ತೇನೆ ಎನ್ನುವವರಿಗೆ ಹೇಳಬೇಕಾದ್ದು ಇಷ್ಟೇ: ಅಲ್ಲಿನ ಮಿತಿ 100, ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುತ್ತೇವೆಂದು ಪೊಲೀಸರು 2024ರ ಆಗಸ್ಟ್ 1ರಿಂದ ಹೊರಟಿದ್ದಾರೆ. ಆ ರಸ್ತೆಗೆ ಕಂಪನಿ ಬ್ರೇಕು ಸಾಕು.

ಸಾಕು ಎನ್ನುವುದಕ್ಕೂ ಲೆಕ್ಕವಿದೆ. 1.2 ಲೀಟರಿನ ಪೋಲೋ ಜಿಟಿ ಟಿಎಸ್ಐ ಎಂಜಿನ್ನಿನ ಶಕ್ತಿ 77 ಕಿಲೋವ್ಯಾಟ್, 105 ಪಿಎಸ್. ಅದೇ ಕಾರು 100ರಿಂದ ಗಟ್ಟಿಯಾಗಿ ನಿಲ್ಲುವುದು ಮೂರೂವರೆ ಸೆಕೆಂಡಿನಲ್ಲಿ. ಆ ಹೊತ್ತಿನಲ್ಲಿ ಬ್ರೇಕಿನ ಸರಾಸರಿ ಕೆಲಸ 132 ಕಿಲೋವ್ಯಾಟ್. ಅಂದರೆ ಕಂಪನಿಯಿಂದ ಬಂದ ಬ್ರೇಕೇ ಎಂಜಿನ್ನಿನ 1.7 ಪಟ್ಟು ಬಲಶಾಲಿ. ಪೆಡಲನ್ನು ಜೋರಾಗಿ ತುಳಿದರೆ ಎಬಿಎಸ್ ಗುರುಗುಟ್ಟುತ್ತದಲ್ಲ, ಅದರರ್ಥ ಬ್ರೇಕಿನಲ್ಲಿ ಇನ್ನೂ ಬಲವಿದೆ, ರಸ್ತೆಯ ಹಿಡಿತ ಮುಗಿಯಿತು ಎಂದು. ಸಾಧಾರಣ ಟೈರು ಒಣ ಡಾಂಬರಿನ ಮೇಲೆ ಕೊಡುವ ಹಿಡಿತವನ್ನು 0.8 ಎಂದು ಹಿಡಿದರೆ 60ರಿಂದ ನಿಲ್ಲಲು 18 ಮೀಟರ್, 80ರಿಂದ 31, 100ರಿಂದ 49, 120ರಿಂದ 71. ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ 100ರ ವೇಗದ ಕಾರು ಓಡಿಬಿಡುವ 28 ಮೀಟರ್ ಇದರಲ್ಲಿ ಸೇರಿಲ್ಲ. ಎರಡು ಲಕ್ಷ ಅರವತ್ತು ಸಾವಿರದ ಕಿಟ್ಟು ಹಾಕಿ ಹಳೆಯ ಟೈರಿನ ಹಿಡಿತವನ್ನೇ ಇಟ್ಟುಕೊಂಡರೆ 49 ಮೀಟರ್ 49 ಮೀಟರಾಗಿಯೇ ಉಳಿಯುತ್ತದೆ. ಮಳೆಯಲ್ಲಿ ಹಿಡಿತ 0.5ಕ್ಕೆ ಇಳಿದರೆ 79 ಮೀಟರ್, ಕ್ಯಾಲಿಪರಿನ ಬಣ್ಣ ಯಾವುದೇ ಇರಲಿ. ಅದರ ಬದಲು ಹಿಡಿತವನ್ನು 0.9ಕ್ಕೆ ಏರಿಸುವ ನಾಲ್ಕು ಒಳ್ಳೆಯ ಟೈರುಗಳು, 15 ಇಂಚಿನವು, 28,000 ರೂಪಾಯಿ ಆಸುಪಾಸು: 49 ಮೀಟರ್ 44ಕ್ಕೆ ಇಳಿಯುತ್ತದೆ. ಪೋಲೋದ ಪೂರ್ತಿ ಉದ್ದವೇ ನಾಲ್ಕು ಮೀಟರ್.

ಡಿಸ್ಕಿನ ಅಳತೆಯನ್ನು ಟೈರಿನ ಹಿಡಿತ ನಿರ್ಧರಿಸುತ್ತದೆ ಎನ್ನುವುದಕ್ಕೆ ಇದೇ ಪೋಲೋದ ದೊಡ್ಡಣ್ಣನೇ ಸಾಕ್ಷಿ. 2013ರಿಂದ 2016ರವರೆಗೆ ಸತತ ನಾಲ್ಕು ವರ್ಷ ವಿಶ್ವ ರ‍್ಯಾಲಿ ಗೆದ್ದ ಪೋಲೋ ಆರ್ ಡಬ್ಲ್ಯುಆರ್‌ಸಿ ಕಾರಿನ ಕನಿಷ್ಠ ತೂಕ 1,200 ಕೆ.ಜಿ. ಡಾಂಬರು ರಸ್ತೆಯ ರ‍್ಯಾಲಿಗೆ ಅದು ಹಾಕಿಕೊಳ್ಳುತ್ತಿದ್ದುದು 18 ಇಂಚಿನ ವೀಲು, 355 ಮಿ.ಮೀ. ಡಿಸ್ಕ್. ಮಣ್ಣಿನ ರಸ್ತೆಗೆ ಬಂದರೆ 15 ಇಂಚಿನ ವೀಲು, 300 ಮಿ.ಮೀ. ಡಿಸ್ಕ್. ದುಡ್ಡಿಗೆ ಬರವಿಲ್ಲದ ತಂಡಕ್ಕೂ ಮಣ್ಣಿನ ಮೇಲೆ ಚಿಕ್ಕ ಡಿಸ್ಕೇ ಸಾಕಾಗಿತ್ತು. ಅಲ್ಲಿ ಟೈರು ಹಿಡಿಯುವುದೇ ಕಡಿಮೆ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ರ‍್ಯಾಲಿ ಓಡಿಸುವ ಕನಸಿರುವವರು ಈ ಎರಡು ಸಂಖ್ಯೆಗಳನ್ನು ಗ್ಯಾರೇಜಿಗೆ ಹೋಗುವ ಮೊದಲು ನೆನಪಿಟ್ಟುಕೊಳ್ಳಬಹುದು.

ಹಾಗಾದರೆ ಅಪ್‌ಗ್ರೇಡ್ ಯಾತಕ್ಕೆ? ಒಂದು ಸಲ ಬೇಗ ನಿಲ್ಲುವುದಕ್ಕಲ್ಲ. ಇಪ್ಪತ್ತನೇ ಸಲವೂ ಮೊದಲನೇ ಸಲದ ಹಾಗೇ ನಿಲ್ಲುವುದಕ್ಕೆ. ಬಿಸಿ ಏರಿದಾಗ ಮೊದಲು ಸೋಲುವುದು ಸಾಮಾನ್ಯವಾಗಿ ಎರಡರಲ್ಲೊಂದು, ಆಯಿಲ್ ಅಥವಾ ಪ್ಯಾಡ್. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋದರೆ ಆಯಿಲ್ ಕುದಿದಿದೆ. ಎರಡನೆಯದು ಹೆಚ್ಚು ಭಯಂಕರ, ರಿಪೇರಿ ಮಾತ್ರ ಅತಿ ಅಗ್ಗ.

ಎಲ್ಲರೂ ಬ್ರೇಕ್ ಆಯಿಲ್ ಎನ್ನುವ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಈ ಸಂಖ್ಯೆಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಟ್ರ್ಯಾಕಿಗೆ ಹೋಗುವವರು ಹೆಚ್ಚಾಗಿ ಹಾಕಿಸುವ ಮೋಟುಲ್ ಆರ್‌ಬಿಎಫ್ 600 ಹೊಸದಾಗಿದ್ದಾಗ 312 ಡಿಗ್ರಿ ತಡೆಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುವುದು ಹಾಗೆ.

ಈಗ ಡಿಗ್ರಿಗೆ ಎಷ್ಟು ರೂಪಾಯಿ ಎಂದು ನೋಡಿ. ವರ್ಷಗಟ್ಟಲೆ ಮುಟ್ಟದ ಡಾಟ್ 4 ಆಯಿಲ್ 155ರಲ್ಲಿ ನಿಂತಿದೆ ಎನ್ನೋಣ. ಒಂದು ಲೀಟರ್ ಹೊಸ ಡಾಟ್ 4, 750 ರೂಪಾಯಿ. 75 ಡಿಗ್ರಿ ಲಾಭ, ಡಿಗ್ರಿಗೆ 10 ರೂಪಾಯಿ. ರೇಸ್ ಆಯಿಲ್ ಲೀಟರಿಗೆ 4,500. 155ರಿಂದ 312ಕ್ಕೆ 157 ಡಿಗ್ರಿ ಲಾಭ, ಡಿಗ್ರಿಗೆ 29. ದೊಡ್ಡ ಡಿಸ್ಕಿನ ದರ ಮುಂದೆ ಬರುತ್ತದೆ, ಅಲ್ಲಿಯವರೆಗೆ ಈ 10 ಮತ್ತು 29 ತಲೆಯಲ್ಲಿರಲಿ.

ಕೆಲಸ ಅರ್ಧ-ಮುಕ್ಕಾಲು ಗಂಟೆಯದು. ಒಬ್ಬ ಸೀಟಿನಲ್ಲಿ, ಇನ್ನೊಬ್ಬ ಚಕ್ರದ ಹಿಂದೆ ಕುಕ್ಕರಗಾಲಿನಲ್ಲಿ. ಬೋನೆಟ್ಟಿನಡಿಯ ಡಬ್ಬಿಯ ಹಳೆಯ ಆಯಿಲನ್ನು ಸಿರಿಂಜಿನಲ್ಲಿ ಎಳೆದು ಹೊಸದು ತುಂಬುತ್ತಾರೆ. ಆಮೇಲೆ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ, ನಮ್ಮ ಕಾರುಗಳಲ್ಲಿ ಹಿಂದಿನ ಎಡ, ಶುರು. “ಒತ್ತು… ಒತ್ತು… ಒತ್ತು… ಹಿಡ್ಕೋ.” “ಹಿಡ್ದೆ ಅಣ್ಣ.” ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪು, ಅದರ ತುದಿ ಒಂದು ನೀರಿನ ಬಾಟಲಿಯಲ್ಲಿ. ರಿಂಗ್ ಸ್ಪ್ಯಾನರನ್ನು ಕಾಲು ಸುತ್ತು ತಿರುಗಿಸಿದರೆ ಕಪ್ಪುಗಂದು ಬಣ್ಣದ ಆಯಿಲ್ ಚಿಮ್ಮಿ ಪೆಡಲ್ ಕೆಳಗೆ ಹೋಗುತ್ತದೆ. ಪೆಡಲ್ ತಳ ಮುಟ್ಟುವ ಮುನ್ನವೇ ನಿಪ್ಪಲ್ ಬಿಗಿಯಬೇಕು. ತಡವಾದರೆ ಗಾಳಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪೈಪಿನಲ್ಲಿ ಬಣ್ಣ ತಿಳಿಯಾಗುವ ತನಕ ಇದೇ ಪಾಡು, ನಡುನಡುವೆ ಡಬ್ಬಿ ಬರಿದಾಗದಂತೆ ಕಣ್ಣಿಡಬೇಕು. ಕೂಲಿ 800 ರೂಪಾಯಿಯೊಳಗೆ. ಅರ್ಧ ಉಳಿದ ಬಾಟಲಿಯನ್ನು ಮುಂದಿನ ಸಲಕ್ಕೆಂದು ಕಪಾಟಿನಲ್ಲಿಟ್ಟರೆ ಅದೂ ತೇವ ಕುಡಿಯುತ್ತದೆ, ಎಸೆಯುವುದೇ ವಾಸಿ.

ಪ್ಯಾಡಿನ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು. ಹಲವು ಪ್ಯಾಡುಗಳ ಅಂಚಿನಲ್ಲಿ ಕಂಪನಿಯ ಸಂಕೇತದ ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ: ಇಇ, ಎಫ್ಎಫ್, ಜಿಜಿ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಅಂಗಡಿಯವರು ಜಿಜಿ ತೋರಿಸಿ ಬೆಲೆ ಏರಿಸುತ್ತಾರೆ. ಆದರೆ ಆ ಪರೀಕ್ಷೆ ಮುಗಿಯುವುದೇ 343 ಡಿಗ್ರಿಯಲ್ಲಿ. ಟ್ರ್ಯಾಕಿನಲ್ಲಿ ಡಿಸ್ಕು 400-500 ಮುಟ್ಟುವುದು ಮಾಮೂಲು. ಅಲ್ಲಿ ಆ ಪ್ಯಾಡು ಹೇಗಿರುತ್ತದೆ ಎಂದು ಅಕ್ಷರ ಹೇಳುವುದಿಲ್ಲ. ಪ್ಯಾಡು ಮಾಡಿದವರು ಪ್ರಕಟಿಸುವ ಉಷ್ಣದ ಮಿತಿಯನ್ನೇ ಕೇಳಿ ತೆಗೆದುಕೊಳ್ಳಬೇಕು. ಕಂಪನಿ ಪ್ಯಾಡು ಮುಂದಿನ ಜೋಡಿಗೆ 3,000ದ ಆಸುಪಾಸು, ರಸ್ತೆಗೂ ಟ್ರ್ಯಾಕಿಗೂ ಆಗುವ ಹೊರದೇಶದ ಪ್ಯಾಡು 11,000. ಅಪ್ಪಟ ರೇಸ್ ಪ್ಯಾಡು ಬೇಡವೇ ಬೇಡ: ತಣ್ಣಗಿದ್ದಾಗ ಅದು ಹಿಡಿಯುವುದೇ ಕಡಿಮೆ, ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿನಲ್ಲೇ ಮುಂದಿನ ಆಟೋಗೆ ಗುದ್ದಬಹುದು.

ಹೊಸ ಪ್ಯಾಡನ್ನು ಪಳಗಿಸಬೇಕು. 80ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ. ಒಂದು ಸಲಕ್ಕೆ ಮುಂದಿನ ಡಿಸ್ಕುಗಳು ಸುಮಾರು 45 ಡಿಗ್ರಿ ಏರುತ್ತವೆ. ಆಮೇಲೆ ಬ್ರೇಕು ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಬೇಕು. ಬಿಸಿ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡು ನಿಂತರೆ ಪ್ಯಾಡಿನ ಪದರ ಒಂದೇ ಕಡೆ ಅಂಟಿ, ಮುಂದೆ ಸ್ಟಿಯರಿಂಗ್ ನಡುಗುತ್ತದೆ. ಆಗ ಎಲ್ಲರೂ “ಡಿಸ್ಕ್ ಬೆಂಡಾಗಿದೆ” ಎಂದು ಲೇತಿಗೆ ಕಳಿಸುತ್ತಾರೆ. ಬಹಳ ಸಲ ಬೆಂಡಾಗಿರುವುದಿಲ್ಲ.

ಇನ್ನು ಡಿಸ್ಕ್. ಪೋಲೋದ ಮುಂದಿನದು 256 ಮಿ.ಮೀ. ಅಗಲ, 22 ಮಿ.ಮೀ. ದಪ್ಪ, ದಪ್ಪ 19ಕ್ಕೆ ಇಳಿದರೆ ಬದಲಿಸಬೇಕು. ಒಂದರ ತೂಕ 5 ಕೆ.ಜಿ. ಎಂದು ಹಿಡಿದು, ಶಕ್ತಿಯ ಮುಕ್ಕಾಲು ಪಾಲು ಮುಂದೆ ಬಂದರೆ, 100ರಿಂದ ಒಮ್ಮೆ ನಿಲ್ಲಿಸಿದಾಗ ಡಿಸ್ಕು 75 ಡಿಗ್ರಿ ಏರುತ್ತದೆ. 140ರಿಂದ 70ಕ್ಕೆ ಇಳಿಸಿದರೆ, ಟ್ರ್ಯಾಕಿನ ದೊಡ್ಡ ತಿರುವಿನ ಮುಂದೆ ಆಗುವುದು ಇದೇ, 111 ಡಿಗ್ರಿ. ಫೋಕ್ಸ್‌ವ್ಯಾಗನ್ ಬಳಗದ ದೊಡ್ಡ ಕಾರುಗಳ 288 ಮಿ.ಮೀ. ಡಿಸ್ಕು 15 ಇಂಚಿನ ವೀಲಿನೊಳಗೂ ಬಹುಮಟ್ಟಿಗೆ ಹಿಡಿಯುತ್ತದೆ. ಅದರ ತೂಕ 6.5 ಕೆ.ಜಿ. ಎಂದರೆ ಮೊದಲಿನ 75 ಡಿಗ್ರಿ 58ಕ್ಕೆ, 111 ಡಿಗ್ರಿ 85ಕ್ಕೆ ಇಳಿಯುತ್ತದೆ. ಲಾಭ ನಿಜ. ಖರ್ಚೂ ನಿಜ: ಹೊಸ ಡಿಸ್ಕು, ಗುಜರಿಯಲ್ಲಿ ಸಿಗುವ ಕ್ಯಾಲಿಪರ್, ಅದರ ಕಿಟ್ಟು, ಕೂಲಿ, ಎಲ್ಲ ಸೇರಿ 35,000. 100ರಿಂದ ಹತ್ತು ಸಲದ ಬ್ರೇಕಿಗೆ ಉಳಿದ 170 ಡಿಗ್ರಿಯಿಂದ ಭಾಗಿಸಿದರೆ ಡಿಗ್ರಿಗೆ 206 ರೂಪಾಯಿ. ಡಿಸ್ಕಿನ ಡಿಗ್ರಿಯೂ ಆಯಿಲಿನ ಡಿಗ್ರಿಯೂ ಒಂದೇ ಅಲ್ಲ, ಒಪ್ಪುತ್ತೇನೆ. ಡಿಸ್ಕಿನ ಬಿಸಿ ಪೂರ್ತಿಯಾಗಿ ಆಯಿಲಿಗೆ ದಾಟುವುದಿಲ್ಲ. ಆದರೂ 10, 29, 206 ಎಂದು ಸಾಲಾಗಿ ಬರೆದಿಟ್ಟರೆ ಮೊದಲು ಎಲ್ಲಿ ಕೈ ಹಾಕಬೇಕೆಂಬುದರಲ್ಲಿ ಗೊಂದಲ ಉಳಿಯುವುದಿಲ್ಲ. ತೂತು ಕೊರೆದ ಡಿಸ್ಕಿಗೆ ಹೆಚ್ಚು ದುಡ್ಡು ಕೊಡುವುದು ನನಗಂತೂ ಅರ್ಥವಾಗದ ವ್ಯವಹಾರ: ಬಿಸಿ ಹೊರಬೇಕಾದ ಕಬ್ಬಿಣವನ್ನೇ ಕೊರೆದು ತೆಗೆದಿದ್ದಾರೆ, ಸಾಲದ್ದಕ್ಕೆ ತೂತಿನ ಅಂಚಿನಿಂದ ಬಿರುಕು.

ಹಿಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸುವ ಆಸೆಯೂ ಬಹಳ ಜನಕ್ಕಿದೆ, 40,000ಕ್ಕೆ ಕಡಿಮೆಯಿಲ್ಲ. ನಿಂತಾಗ ಕಾರಿನ ಭಾರ ಮುಂದೆ 60, ಹಿಂದೆ 40 ಇದ್ದರೆ, ಗಟ್ಟಿ ಬ್ರೇಕಿನಲ್ಲಿ ಮೂತಿ ಬಗ್ಗಿ 78-22 ಆಗುತ್ತದೆ. ಆ 22ರ ಕೆಲಸಕ್ಕೆ ಡ್ರಮ್ ಸಾಲದು ಎನ್ನುವಂತಿಲ್ಲ. ಡ್ರಮ್ಮಿಗೆ ಬೇಕಾದ್ದು ಬಿಚ್ಚಿ ಒರೆಸುವ 600-700 ರೂಪಾಯಿಯ ಕೆಲಸ. ಈ ಭಾಗದಲ್ಲಿ ಅದು ತುಸು ಹೆಚ್ಚೇ ಬೇಕು. 2017ರ ಅಕ್ಟೋಬರ್ 13ರ ರಾತ್ರಿ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಜನರನ್ನೇ ಕೊಚ್ಚಿಕೊಂಡು ಹೋಯಿತು. ಅಂಥ ನೀರಿನಲ್ಲಿ ನಿಂತ ಕಾರಿನ ಡ್ರಮ್ಮಿನೊಳಗೆ ಕೆಸರು ಕೂತು ಶೂ ಸವೆಯುತ್ತದೆ, ಆಯಿಲನ್ನೂ ಬದಲಿಸಲೇಬೇಕು. ಸ್ಟೀಲ್ ಹೆಣಿಗೆಯ ಪೈಪಿಗೆ 12,000; ಪೆಡಲ್ ತುಸು ಗಟ್ಟಿ ಅನ್ನಿಸುತ್ತದೆ. ಹಳೆಯ ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ ಕಂಪನಿಯದನ್ನೇ ಹಾಕಿಸಿ, ಮುಗಿಯಿತು.

ವರ್ಷಕ್ಕೆ ಒಂದು ಟ್ರ್ಯಾಕ್ ದಿನ, ಎರಡು ಘಾಟಿ ಪ್ರವಾಸ ಮಾಡುವವರಿಗೆ ನಾನು ಬರೆದುಕೊಡುವ ಬಿಲ್ಲು: ರೇಸ್ ಆಯಿಲ್ 4,500, ಪ್ಯಾಡು 11,000, ಅದೇ 256ರ ಹೊಸ ಡಿಸ್ಕು ಜೋಡಿ 6,500, ಕೂಲಿ 1,500. ಒಟ್ಟು 23,500. ಕೆಂಪು ಕ್ಯಾಲಿಪರಿನ ಬಿಲ್ಲು ಇದರ ಹನ್ನೊಂದು ಪಟ್ಟು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಪ್ಯಾಡು-ಡಿಸ್ಕಿನ 17,500 ರೂಪಾಯಿಯಲ್ಲಿ ಹಳೆಯ ದರಕ್ಕಿಂತ ಸುಮಾರು 1,480 ಉಳಿಯಬೇಕು. ಪಕ್ಕಾ ಬಿಲ್ಲು ಕೇಳಿದರೆ ಉಳಿಯುತ್ತದೆ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಬ್ರಾಂಡೆಡ್ ಪ್ಯಾಡು ಹೆಚ್ಚಿನ ಸಲ ಆ ಬ್ರಾಂಡಿನದೇ ಆಗಿರುವುದಿಲ್ಲ.

ಮೂರು ವರ್ಷಕ್ಕೆ ಹಿಗ್ಗಿಸಿ ನೋಡಿದರೆ, ಪ್ರತಿ ವರ್ಷ ಆಯಿಲ್ ಬದಲಿಸಲು ಕೂಲಿ ಸೇರಿ 5,300ರಂತೆ ಎರಡು ಸಲ 10,600, ಇನ್ನೊಂದು ಸೆಟ್ ಪ್ಯಾಡು ಕೂಲಿಯೊಂದಿಗೆ 11,700; ಒಟ್ಟು 45,800. ಟೈರಿನ 28,000 ಸೇರಿಸಿದರೂ 73,800. ದೊಡ್ಡ ಕಿಟ್ಟಿಗೂ ಆಯಿಲು, ಪ್ಯಾಡು ಬೇಕೇ ಬೇಕು, ಮೇಲಾಗಿ ಅದರ ಪ್ಯಾಡು ಹಡಗಿನಲ್ಲೋ ವಿಮಾನದಲ್ಲೋ ಬರುವವರೆಗೆ ಕಾರು ಶೆಡ್ಡಿನಲ್ಲಿ. ದಿನವಿಡೀ ಟ್ರ್ಯಾಕಿನಲ್ಲಿ ಓಡಿಸುವವರಿಗೆ, ಎಂಜಿನ್ನಿನ ಶಕ್ತಿ ಒಂದೂವರೆ ಪಟ್ಟು ಮಾಡಿಸಿಕೊಂಡವರಿಗೆ ಆ ಕಿಟ್ಟು ಸಲ್ಲುತ್ತದೆ. ಅಂಥವರು ಅಡ್ಡರಸ್ತೆಯಲ್ಲಿ ಬೆಲೆ ವಿಚಾರಿಸುತ್ತಾ ನಿಲ್ಲುವುದೂ ಇಲ್ಲ.

ಕಾನೂನಿನದೊಂದು ಅಂಕಿ ಬಾಕಿ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿನ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಕಾಯ್ದೆ ಒಪ್ಪದ ಬಿಡಿಭಾಗ ಜೋಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಅಳತೆ ಬದಲಾಗದ ಪ್ಯಾಡು, ಡಿಸ್ಕು, ಆಯಿಲು ಈ ತಕರಾರಿಗೆ ಸಿಗುವ ವಸ್ತುಗಳಲ್ಲ. ಕ್ಯಾಲಿಪರ್, ವೀಲು ಬದಲಿಸಿದವರು ಮುಂದಿನ ಪ್ರೀಮಿಯಂ ಕಟ್ಟುವ ಮೊದಲು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಅವರ ಉತ್ತರದ ಪ್ರತಿಯನ್ನು ಬಿಲ್ಲುಗಳ ಜೊತೆಗೇ ಕಾರಿನಲ್ಲಿಟ್ಟುಕೊಳ್ಳಬೇಕು.